ಮೂರು ಪೈಸೆಯ ಚಿಮಟಾ: ಒಂದು ಹಳೆಯ ಕಥೆಯನ್ನು ವಿಮರ್ಶೆಗಾಗಿ ಓದುವುದು ಹೇಗೆ

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳು ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟಳು. ಇಲ್ಲೇ ಕಲಬುರಗಿಯಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಾಳೆ. ಪ್ರೇಮಚಂದರ 'ಈದ್ಗಾಹ್' ಕಥೆಗೆ ವಿಮರ್ಶೆ ಬರೆದು ತನ್ನಿ ಅಂತ ಕಾಲೇಜಿನಲ್ಲಿ ಹೇಳಿದ್ದರಂತೆ. ಅವಳು ಬರೆದಿದ್ದು ಹೀಗಿತ್ತು: 'ಈ ಕಥೆಯಲ್ಲಿ ಉಪಮೆ ಇದೆ. ರೂಪಕ ಇದೆ. ಸಂಕೇತ ಇದೆ. ಭಾಷೆ ಸರಳವಾಗಿದೆ. ಕಥೆ ಓದುಗರ ಮನ ಮುಟ್ಟುತ್ತದೆ.'

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಈ ಐದು ವಾಕ್ಯಗಳನ್ನು ಯಾವ ಕಥೆಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ.

"ಕಥಿ ಓದುವಾಗ ಅಳು ಬಂತೇನು?" ಅಂತ ಕೇಳಿದೆ.

"ಬಂತು ಮಾಮಾ. ಕೊನೀಗೆ."

"ಮತ್ತ ಅದು ಹಾಳ್ಯಾಗ ಎಲ್ಲದ?"

ಅವಳು ಸುಮ್ಮನಾದಳು. ಆ ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಯಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ಕಥೆಯನ್ನು ಮತ್ತೆ ಓದಿದೆವು. ನಾವು ಓದಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಕಥೆಗೂ ಇದೇ ದಾರಿಯಲ್ಲಿ ಹೋಗಬಹುದು. ಉದಾಹರಣೆಗೆ ಮಾತ್ರ 'ಈದ್ಗಾಹ್' ಇಟ್ಟುಕೊಂಡಿದ್ದೇನೆ, ಯಾಕೆಂದರೆ ಇದು ಚಿಕ್ಕ ಮಕ್ಕಳಿಗೂ ಅರ್ಥವಾಗುವ ಕಥೆ. ಆದರೂ ಅದರೊಳಗೆ ಎಷ್ಟು ಕೆಲಸ ನಡೆದಿದೆ ಅಂತ ನೋಡಿದರೆ ಬೆರಗಾಗುತ್ತದೆ.

ಓದದವರಿಗಾಗಿ ಎರಡು ಮಾತು. ಪ್ರೇಮಚಂದ್ ಹುಟ್ಟಿದ್ದು 1880ರಲ್ಲಿ, ಬನಾರಸ್ ಹತ್ತಿರದ ಲಮಹಿ ಎಂಬ ಹಳ್ಳಿಯಲ್ಲಿ. ತೀರಿಕೊಂಡಿದ್ದು 1936ರಲ್ಲಿ. ಉರ್ದು, ಹಿಂದಿ ಎರಡರಲ್ಲೂ ಬರೆದವರು. ಈ ಕಥೆ 1933ರದ್ದು. ಹಾಮಿದ್ ನಾಲ್ಕೈದು ವರ್ಷದ ಹುಡುಗ. ತಂದೆ ಕಾಲರಾಕ್ಕೆ ತುತ್ತಾಗಿದ್ದಾನೆ, ತಾಯಿ ಬಿಳಿಚಿಕೊಂಡು ಬಿಳಿಚಿಕೊಂಡು ಒಂದು ದಿನ ಸತ್ತಿದ್ದಾಳೆ. ಉಳಿದವಳು ಅಜ್ಜಿ ಅಮೀನಾ. ಈದ್ ದಿನ ಹಾಮಿದ್ ಊರ ಹುಡುಗರ ಜೊತೆ ಪಟ್ಟಣದ ಈದ್ಗಾಹಿಗೆ ನಡೆದು ಹೋಗುತ್ತಾನೆ. ಗೆಳೆಯರು ಆಟಿಗೆ, ಮಿಠಾಯಿ ಕೊಳ್ಳುತ್ತಾರೆ. ಇವನು ತನ್ನ ಮೂರು ಪೈಸೆಗೆ ಒಂದು ಕಬ್ಬಿಣದ ಚಿಮಟಾ, ಅಂದರೆ ಇಕ್ಕಳ, ತರುತ್ತಾನೆ. ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತವೆ, ಅದಕ್ಕೆ.

ಮೊದಲ ಓದು: ಪೆನ್ನು ದೂರ ಇಡಿ

ಮೊದಲ ಸಲ ಓದುವಾಗ ಗೆರೆ ಎಳೆಯಬೇಡಿ. ಅಲಂಕಾರ ಹುಡುಕಬೇಡಿ. ಸುಮ್ನೆ ಓದಿ. ಆದರೆ ಗಟ್ಟಿಯಾಗಿ ಓದಿ. ಈ ಕಥೆಗೆ ಮುಕ್ಕಾಲು ಗಂಟೆ ಬೇಕಾಗಬಹುದು. ಮುಗಿದ ತಕ್ಷಣ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆಯಿರಿ. ಎಲ್ಲಿ ಗಂಟಲು ಕಟ್ಟಿತು? ಎಲ್ಲಿ ನಗು ಬಂತು? ಬೇಜಾರಾದ ಜಾಗ ಇದ್ದರೆ ಅದನ್ನೂ ಬರೆಯಿರಿ.

ಈ ಚೀಟಿಯನ್ನು ಕಳೆಯಬೇಡಿ. ಮುಂದೆ ಮಾಡುವುದೆಲ್ಲ ಒಂದೇ ಕೆಲಸ: ಇಲ್ಲಿ ಅಳು ಬಂತಲ್ಲ, ಅದನ್ನು ತರಿಸಿದ್ದು ಯಾವ ಮಾತು, ಯಾವ ಜೋಡಣೆ ಅಂತ ಹಿಂದಕ್ಕೆ ಹೋಗಿ ಹುಡುಕುವುದು. ಚೀಟಿ ಇಲ್ಲದೆ ಹೊರಟರೆ ಉಪಮೆ ಎಣಿಸುತ್ತಾ ಕೂರುತ್ತೇವೆ.

ಎರಡನೇ ಓದು: ಯಾರಿಗೆ ಏನು ಬೇಕು, ಅಡ್ಡ ಬಂದಿದ್ದು ಏನು

ಕಥಾವಸ್ತು, ಪಾತ್ರ, ಸನ್ನಿವೇಶ ಅಂತ ಮೂರು ಹೆಸರು ಶಾಲೆಯಲ್ಲಿ ಕಲಿಸುತ್ತಾರೆ. ಬೇರೆ ಬೇರೆ ಬರೆಯಲು ಹೋದರೆ ಒಣ ಪಟ್ಟಿ ಆಗುತ್ತದೆ. ಅದರ ಬದಲು ಒಂದು ಪ್ರಶ್ನೆ ಕೇಳಿ: ಈ ಮನುಷ್ಯನಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ಬಂದಿದ್ದು ಏನು? ಮೂರೂ ಒಟ್ಟಿಗೆ ಸಿಗುತ್ತವೆ.

ಹಾಮಿದನಿಗೆ ಆಟಿಗೆ ಬೇಡವಾಗಿತ್ತಾ? ಬೇಕಾಗಿತ್ತು. ಕೈಗೆ ತೆಗೆದುಕೊಂಡು ನೋಡಬೇಕು ಅಂತ ಅವನ ಕೈ ಮುಂದಕ್ಕೆ ಚಾಚುತ್ತದೆ, ಹುಡುಗರು ಕೊಡುವುದಿಲ್ಲ. ಮಿಠಾಯಿ ತೋರಿಸಿ, ಅವನು ಕೈ ಚಾಚಿದಾಗ ತಾವೇ ಬಾಯಿಗೆ ಹಾಕಿಕೊಂಡು ನಗುತ್ತಾರೆ. ಇದನ್ನು ವಿಮರ್ಶೆಯಲ್ಲಿ ಬಿಡಬಾರದು. ಹಾಮಿದ್ ಆಸೆಯೇ ಇಲ್ಲದ ಸಂತ ಆಗಿದ್ದರೆ ನಮಗೆ ಕೊನೆಯಲ್ಲಿ ಅಳು ಬರುತ್ತಿರಲಿಲ್ಲ. ಆಸೆ ಇತ್ತು. ಅದನ್ನು ನುಂಗಿದ.

ಇನ್ನು ಅಡ್ಡ ಬಂದಿದ್ದು ದುಡ್ಡು. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ, ಯಾಕೆಂದರೆ ಜಾಸ್ತಿ ಜನ ಓಡಿ ಹೋಗುವ ಜಾಗ ಇದು. ಕಥೆಯಲ್ಲಿ ಬರುವ ಅಂಕಿಗಳನ್ನೆಲ್ಲ ಬೇರೆ ಹಾಳೆಗೆ ಬರೆಯಿರಿ. ಆಗಿನ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಅಮೀನಾ ಬಟ್ಟೆ ಹೊಲಿದು ಎಂಟು ಆಣೆ ಗಳಿಸಿದ್ದಳು. ಅದನ್ನು ಈದ್‌ಗೆ ಅಂತ ಜೋಪಾನ ಮಾಡುತ್ತಿದ್ದಳು. ಹಾಲಿನವಳ ಬಾಕಿ ತೀರಿಸಿದ ಮೇಲೆ ಉಳಿದಿದ್ದು ಎರಡೇ ಆಣೆ, ಅಂದರೆ 8 ಪೈಸೆ. ಅದರಲ್ಲಿ ಮೂರು ಹಾಮಿದನ ಜೇಬಿಗೆ, ಐದು ಅವಳ ಚೀಲಕ್ಕೆ. ಆ ಐದರಲ್ಲೇ ಹಬ್ಬ ಆಗಬೇಕು. ಅಗಸಗಿತ್ತಿ, ಬಳೆಗಾರ್ತಿ ಎಲ್ಲರೂ ಬರುತ್ತಾರೆ, ಎಲ್ಲರಿಗೂ ಶಾವಿಗೆ ಬೇಕು.

ಈಗ ಮಹಮೂದನ ಜೇಬು ನೋಡಿ: 12 ಪೈಸೆ. ಮೋಹ್ಸಿನನದ್ದು 15. ಒಂದು ಆಟಿಗೆಗೆ 2 ಪೈಸೆ. ತೊಟ್ಟಿಲು ಏರಿದರೆ 1 ಪೈಸೆಗೆ 25 ಸುತ್ತು. ಚಿಮಟಾಕ್ಕೆ ಅಂಗಡಿಯವನು ಕೇಳಿದ್ದು 6 ಪೈಸೆ, ಇಳಿದಿದ್ದು 5ಕ್ಕೆ. ಹಾಮಿದ್ ಎದೆ ಗಟ್ಟಿ ಮಾಡಿಕೊಂಡು ಮೂರಕ್ಕೆ ಕೊಡ್ತೀಯಾ ಅಂತ ಕೇಳಿ, ಬೈಗುಳ ಬಿದ್ದೀತು ಅಂತ ಮುಂದೆ ನಡೆದುಬಿಡುತ್ತಾನೆ. ಅಂಗಡಿಯವನೇ ಕರೆದು ಕೊಡುತ್ತಾನೆ.

ಈ ಹಾಳೆ ತುಂಬಿದ ಮೇಲೆ ಅಕ್ಕನ ಮಗಳು ಹೇಳಿದಳು: "ಮಾಮಾ, ಬಡತನ ಅಂತ ಒಂದ್ಸಲನೂ ಜೋರಾಗಿ ಹೇಳಂಗಿಲ್ಲ ನೋಡು, ಬರೇ ಲೆಕ್ಕ ಕೊಡ್ತಾನ." ಇದು ವಿಮರ್ಶೆಯ ಮಾತು! ತಂತ್ರದ ಹೆಸರು ಗೊತ್ತಿಲ್ಲದೆಯೂ ಅವಳು ತಂತ್ರವನ್ನು ಹಿಡಿದಿದ್ದಳು.

ಸನ್ನಿವೇಶಕ್ಕೂ ಇದೇ ಲೆಕ್ಕ ಸಹಾಯ ಮಾಡುತ್ತದೆ. ನಮಾಜಿನ ಸಾಲಿನಲ್ಲಿ ಬಡವ ಬಲ್ಲಿದ ಅಂತ ಭೇದವಿಲ್ಲ, ಬಂದವರು ಬಂದ ಕಡೆ ನಿಲ್ಲುತ್ತಾರೆ. ಅದು ಮುಗಿದು ಹುಡುಗರು ಅಂಗಡಿ ಸಾಲಿಗೆ ಬಂದ ಕೂಡಲೇ 12 ಬೇರೆ, 3 ಬೇರೆ. ಈದ್ಗಾಹ್ ಮತ್ತು ಜಾತ್ರೆ ಅಕ್ಕಪಕ್ಕದಲ್ಲೇ ಇವೆ. ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ಗುಡಿಯೊಳಗೆ ಒಟ್ಟಿಗೆ ಕೈಮುಗಿದ ಮಕ್ಕಳು ಹೊರಗೆ ಆಟಿಗೆ ಅಂಗಡಿ ಮುಂದೆ ಬಂದಾಗ ಹೇಗೆ ಬೇರೆ ಬೇರೆ ಆಗುತ್ತಾರೆ ಅಂತ ನೋಡಿದವರಿಗೆ ಇದು ಹೇಳಿಕೊಡಬೇಕಿಲ್ಲ.

ಹೇಳುತ್ತಿರುವವರು ಯಾರು

ನಿರೂಪಕನ ವಿಷಯಕ್ಕೆ ಒಂದೇ ಪ್ರಶ್ನೆ ಸಾಕು: ನಮಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಾ? ಅಪ್ಪ ದುಡಿಯಲು ಹೋಗಿದ್ದಾನೆ, ಚೀಲ ಚೀಲ ರೂಪಾಯಿ ತರುತ್ತಾನೆ. ಅಮ್ಮ ಅಲ್ಲಾನ ಮನೆಗೆ ಹೋಗಿದ್ದಾಳೆ, ಒಳ್ಳೊಳ್ಳೆ ವಸ್ತು ತರುತ್ತಾಳೆ ಅಂತ ಹಾಮಿದ್ ನಂಬಿದ್ದಾನೆ. ನಮಗೆ ನಿಜ ಗೊತ್ತು. ಅವನು ಖುಷಿಯಾಗಿದ್ದಷ್ಟೂ ನಮಗೆ ಸಂಕಟ. ಕೊನೆಯಲ್ಲೂ ಹೀಗೇ. ಅಜ್ಜಿ ಯಾಕೆ ಅಳುತ್ತಿದ್ದಾಳೆ ಅಂತ ಹುಡುಗನಿಗೆ ತಿಳಿಯುವುದಿಲ್ಲ, ನಮಗೆ ತಿಳಿಯುತ್ತದೆ. ಕಥೆ ಶುರುವಾಗುವುದೂ ಮುಗಿಯುವುದೂ ಇದೇ ಅಂತರದಲ್ಲಿ.

ಇನ್ನೊಂದು ಕಡೆ ಇದು ನಗು ತರಿಸುತ್ತದೆ. ದಾರಿಯಲ್ಲಿ ಮೋಹ್ಸಿನ್ ತನ್ನ ಮಾವ ಪೊಲೀಸ್ ಅಂತ ಹೇಳುತ್ತಾನೆ. ತಿಂಗಳ ಸಂಬಳ 20 ರೂಪಾಯಿ, ಮನೆಗೆ ಕಳಿಸುವುದು 50! ಹುಡುಗ ಹೆಮ್ಮೆಯಿಂದ ಹೇಳುತ್ತಿದ್ದಾನೆ. ಓದುವವರಿಗೆ ಬೇರೆಯೇ ಕೇಳಿಸುತ್ತದೆ. ವಿಡಂಬನೆ ಅಂದರೆ ಇದು. ಬರೆದವರು ಒಂದು ಮಾತೂ ಬೈದಿಲ್ಲ, ಮಗುವಿನ ಬಾಯಲ್ಲಿ ಎರಡು ಅಂಕಿ ಇಟ್ಟಿದ್ದಾರೆ ಅಷ್ಟೇ.

ಮೂರನೇ ಓದು: ಈಗ ಪೆನ್ನು ಹಿಡಿಯಿರಿ

ಅಲಂಕಾರ ಅಂದರೆ ಮಕ್ಕಳಿಗೆ ಯಾಕೋ ಭಯ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾವು ಎಲ್ಲಿಯವರು ಅಂತ ನೆನಪಿಸಿಕೊಳ್ಳಬೇಕು. ಇಲ್ಲೇ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು, ಅಂದಿನ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಅಲಂಕಾರದ ಬಗ್ಗೆಯೇ ಇರುವ ಪುಸ್ತಕ. ಮೂರು ಭಾಗಗಳಲ್ಲಿ ಕೊನೆಯದು ಪೂರ್ತಿ ಅರ್ಥಾಲಂಕಾರಕ್ಕೆ ಮೀಸಲು. ಓದು ಕಲಿಯದ ಜನರಿಗೂ ಕಾವ್ಯದ ಮಾತು ಬರುತ್ತದೆ ಅಂತ ಕನ್ನಡ ನಾಡಿನವರ ಬಗ್ಗೆ ಅದರಲ್ಲಿ ಹೇಳಿದೆ. ನಿಜವೇ ಅಲ್ವಾ? ಮೇ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾರನ್ನಾದರೂ ಕೇಳಿ, ಬಿಸಿಲಿಗೆ ಒಂದು ಹೊಸ ಹೋಲಿಕೆ ಕೊಡುತ್ತಾರೆ.

ಹಾಗಾಗಿ ಹೆಸರಿನ ಗೊಡವೆ ಕೊನೆಗೆ ಇಟ್ಟುಕೊಳ್ಳಿ. ಹೋಲಿಕೆ ಕಂಡಲ್ಲೆಲ್ಲ ಮೂರು ಪ್ರಶ್ನೆ ಕೇಳಿ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ? ಇದು ಯಾರ ಕಣ್ಣಿಗೆ ಹಾಗೆ ಕಂಡಿದ್ದು? ಈ ಮಾತನ್ನು ತೆಗೆದು ಹಾಕಿದರೆ ಕಥೆಯಿಂದ ಏನು ಹೋಗುತ್ತದೆ?

ಕಥೆಯ ಮೊದಲಲ್ಲೇ ಸೂರ್ಯ ಬರುತ್ತಾನೆ. ಈದ್ ಬೆಳಿಗ್ಗೆ ಅವನು ಎಷ್ಟು ಮುದ್ದಾಗಿ, ತಂಪಾಗಿ ಇದ್ದಾನೆ, ಲೋಕಕ್ಕೆಲ್ಲ ಈದ್ ಶುಭಾಶಯ ಹೇಳುತ್ತಿರುವಂತೆ ಇದ್ದಾನೆ ಅನ್ನುತ್ತಾರೆ. ಕಲಬುರಗಿಯವರಾದ ನಮಗೆ ತಂಪು ಸೂರ್ಯ ಅಂದ ಕೂಡಲೇ ಕಿವಿ ನೆಟ್ಟಗಾಗಬೇಕು. ಯಾರಿಗೆ ತಂಪು? ಮೂವತ್ತು ರೋಜಾ ಉಪವಾಸ ಮುಗಿಸಿ ಹಬ್ಬಕ್ಕೆ ಎದ್ದ ಊರಿಗೆ, ಅದರಲ್ಲೂ ಮಕ್ಕಳಿಗೆ. ಅದೇ ಸೂರ್ಯ ಅಮೀನಾಳ ಗುಡಿಸಲಿಗೂ ಬಂದಿದ್ದಾನೆ. ಅವಳು ಒಳಗೆ ಕೂತು ಅಳುತ್ತಿದ್ದಾಳೆ, ಈ ಹಾಳು ಈದನ್ನು ಯಾರು ಕರೆದರು ಅಂತ. ಮೊದಲ ಮಾತು ಅಷ್ಟು ಬೆಳಕಾಗಿರದಿದ್ದರೆ ಗುಡಿಸಲು ಇಷ್ಟು ಕತ್ತಲೆ ಅನ್ನಿಸುತ್ತಿರಲಿಲ್ಲ. ಹೆಸರು ಬೇಕಾದರೆ ಉತ್ಪ್ರೇಕ್ಷೆ ಅಂತ ಬರೆಯಿರಿ. ಆದರೆ ಅಂಕ ಬರಬೇಕಾದ್ದು ಬೆಳಕು ಕತ್ತಲೆಯ ಮಾತಿಗೆ.

ನಮಾಜಿನ ಹೋಲಿಕೆ ನನಗೆ ಬಹಳ ಇಷ್ಟ. ಲಕ್ಷಾಂತರ ಕರೆಂಟಿನ ದೀಪಗಳು ಒಟ್ಟಿಗೆ ಹತ್ತಿ ಒಟ್ಟಿಗೆ ಆರಿದಂತೆ ಸಾಲುಗಳು ಬಾಗುತ್ತವೆ, ಏಳುತ್ತವೆ. ಇದು 1933. ಹಳ್ಳಿ ಹುಡುಗರ ಮನೆಯಲ್ಲಿ ಕರೆಂಟು ಎಲ್ಲಿಂದ ಬರಬೇಕು? ಅವರಿಗೆ ಅದು ಪಟ್ಟಣದ ಬೆರಗು. ಹೋಲಿಕೆ ಆ ಬೆರಗಿನಿಂದ ಹುಟ್ಟಿದೆ. ಓಣಿಯಲ್ಲಿ ಹೋದ ಕರೆಂಟು ತಿರುಗಿ ಬಂದಾಗ ಎಲ್ಲ ಮನೆಯೂ ಒಮ್ಮೆಲೇ ಬೆಳಗಿ ಮಕ್ಕಳು ಹೋ ಅಂತ ಕೂಗುತ್ತಾರಲ್ಲ, ಆ ಗಳಿಗೆಯನ್ನು ನೆನೆದು ಓದಿ.

ಇನ್ನು ಒಂದು ಮಾತು ನಮ್ಮನ್ನು ಎಡವಿಸಿತು. ಊರ ಸಾಹುಕಾರ ಚೌಧರಿ ಕಾಯಮ್ ಅಲಿ. ದೊಡ್ಡವರು ಅವನ ಮನೆಗೆ ಸಾಲಕ್ಕೆ ಓಡುತ್ತಿದ್ದಾರೆ. ಅವನು ಇವತ್ತು ಮುಖ ತಿರುಗಿಸಿದರೆ ಇಡೀ ಈದ್ ಮೊಹರಂ ಆಗಿಬಿಡುತ್ತದೆ ಅಂತ ಕಥೆ ಹೇಳುತ್ತದೆ. ಅಕ್ಕನ ಮಗಳು ತಲೆ ಎತ್ತಿ ಕೇಳಿದಳು: "ಆದ್ರ ಆಗ್ಲಿ ಮಾಮಾ, ಮೊಹರಂ ಚೊಲೋನೇ ಅಲ್ಲೇನು? ನಮ್ಮೂರಾಗ ಅಲಾಯಿ ಕುಣಿತಾರ, ಚೋಂಗ್ಯಾ ಮಾಡ್ತಾರ."

ನೋಡಿ, ಎಂಥ ಒಳ್ಳೆಯ ಪ್ರಶ್ನೆ! ಕಥೆಯಲ್ಲಿ ಮೊಹರಂ ಅಂದರೆ ಶೋಕ, ಎದೆ ಬಡಿದುಕೊಳ್ಳುವ ದಿನ. ನಮ್ಮ ಕಡೆ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎಲ್ಲರೂ ಸೇರಿ ಮಾಡುವ ಅಲಾಯಿ ಹಬ್ಬ ಅದು. ಹುಲಿವೇಷ, ಹೆಜ್ಜೆ ಕುಣಿತ, ರಿವಾಯತ್ ಪದ. ಆ ಪದಗಳಲ್ಲಿ ಇಮಾಮ್ ಹುಸೇನರು ಮಡಿದ ಕರ್ಬಲಾದ ದುಃಖವೇ ಇದೆ, ಆದರೂ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಹಬ್ಬ. ಒಂದೇ ಹೆಸರು, ಎರಡು ಊರಲ್ಲಿ ಎರಡು ಬಣ್ಣ. ಹೋಲಿಕೆ ಹೀಗೆ ಅಡ್ಡ ಬಿದ್ದ ಕಡೆ ತಪ್ಪಿಸಿಕೊಂಡು ಹೋಗಬೇಡಿ. ಬರೆದವರ ಊರಲ್ಲಿ ಇದರ ಅರ್ಥ ಏನು, ನನ್ನ ಊರಲ್ಲಿ ಏನು ಅಂತ ಎರಡನ್ನೂ ವಿಮರ್ಶೆಯಲ್ಲಿ ಬರೆಯಿರಿ. ಯಾವ ಗೈಡಿನಲ್ಲೂ ಸಿಗದ ಪ್ಯಾರಾ ಅದಾಗುತ್ತದೆ.

ಅನುವಾದದಲ್ಲಿ ಓದುತ್ತಿದ್ದರೆ ಇಷ್ಟವಾದ ನಾಲ್ಕೈದು ಹೋಲಿಕೆಗಳನ್ನು ಮೂಲದ ಜೊತೆ ಇಟ್ಟು ನೋಡಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು ಆಡುವ ನಮಗೆ ಇದು ಕಷ್ಟವಲ್ಲ. ಮೂಲದಲ್ಲಿ ಮಕ್ಕಳ ಕಲ್ಪನೆ ಸಾಸಿವೆ ಕಾಳನ್ನು ಪರ್ವತ ಮಾಡುತ್ತದೆ ಅಂತಿದೆ. ಕನ್ನಡದಲ್ಲಿ ಕಡ್ಡಿಯನ್ನು ಗುಡ್ಡ ಮಾಡಿದ ಅಂದರೆ ಬೈದಂತೆ. ಕಥೆಯಲ್ಲಿ ಅದು ಬೈಗುಳ ಅಲ್ಲ, ಅಕ್ಕರೆ. ಅನುವಾದ ಮಾಡಿದವರು ಯಾವ ಕಡೆ ವಾಲಿದ್ದಾರೆ ಅಂತ ನೋಡಿದರೆ ಗೊತ್ತಾಗುತ್ತದೆ.

ಅತಿಶಯೋಕ್ತಿಗೆ ಒಂದೇ ಉದಾಹರಣೆ ಸಾಕು. ಹುಡುಗರ ಜೇಬಿನಲ್ಲಿ ಕುಬೇರನ ಧನ ಇದೆ ಅನ್ನುತ್ತಾರೆ. ಹಾಮಿದ್ ತೊಟ್ಟಿಲು ಏರುವುದಿಲ್ಲ, ಯಾಕೆಂದರೆ ಒಂದು ಸುತ್ತಾಟಕ್ಕೆ ತನ್ನ ಖಜಾನೆಯ ಮೂರನೇ ಒಂದು ಭಾಗ ಕೊಡಲಾರ. ಖಜಾನೆ ಅಂದರೆ ಮೂರು ಪೈಸೆ. ದೊಡ್ಡ ಮಾತು, ಚಿಕ್ಕ ದುಡ್ಡು. ಈ ಅಂತರದಲ್ಲಿ ನಗುವೂ ಇದೆ, ನೋವೂ ಇದೆ.

ವಸ್ತುವಿನ ಹಿಂದೆ ನಡೆಯಿರಿ

ಸಂಕೇತದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. 'ಚಿಮಟಾ ಪ್ರೀತಿಯ ಸಂಕೇತ' ಅಂತ ಬರೆದು ಮುಂದೆ ಹೋಗುವುದು. ಹಾಗೆ ಬರೆದ ಕೂಡಲೇ ಚಿಮಟಾ ಮಾಯವಾಗಿ ಪ್ರೀತಿ ಅನ್ನುವ ಒಂದು ಪದ ಉಳಿಯುತ್ತದೆ. ಅದರ ಬದಲು ಅದು ಯಾವ ಯಾವ ಕೈ ದಾಟಿತು, ಎಲ್ಲಿ ಏನಾಯಿತು ಅಂತ ಹಿಂದೆಯೇ ನಡೆಯಿರಿ.

ಕಬ್ಬಿಣದ ಅಂಗಡಿಯಲ್ಲಿ ಅದು ಯಾವ ಹುಡುಗನೂ ನೋಡದ ಸಾಮಾನು. ಕೊಂಡ ಮೇಲೆ ಹಾಮಿದನ ಹೆಗಲ ಮೇಲೆ ಬಂದೂಕು. ಗೆಳೆಯರು ನಕ್ಕಾಗ ವಾದ ಶುರುವಾಗುತ್ತದೆ. ಆ ವಾದದಲ್ಲಿ ಚಿಮಟಾ ರುಸ್ತುಮ್-ಎ-ಹಿಂದ್ ಆಗುತ್ತದೆ, ಹುಲಿಯ ಕುತ್ತಿಗೆಗೇ ಹಾರುವ ಪೈಲ್ವಾನ. ಗರಡಿ ಮನೆ ಕಂಡ ನಮ್ಮ ಊರಿನವರಿಗೆ ಆ ಬಿರುದಿನ ತೂಕ ಗೊತ್ತು. ಇತ್ತ ಮಣ್ಣಿನ ಆಟಿಗೆಗಳು ಮನೆ ಸೇರಿದ ಮೇಲೆ ಒಂದೊಂದೇ ಒಡೆಯುತ್ತವೆ. ನೀರು ಹೊರುವ ಭಿಸ್ತಿ ಬಿದ್ದು ಸಾಯುತ್ತಾನೆ. ಸಿಪಾಯಿಯ ಕಾಲು ಮುರಿಯುತ್ತದೆ. ವಕೀಲ ಸಾಹೇಬರಂತೂ ಬೀಸಣಿಗೆ ಗಾಳಿಗೋ ಪೆಟ್ಟಿಗೋ ಬಿದ್ದು, ಮಣ್ಣಿನ ಕಾಯ ಮಣ್ಣಿಗೆ ಸೇರುತ್ತದೆ. ಕಡಕೋಳ ಮಡಿವಾಳಪ್ಪನವರ ನಾಡಿನಲ್ಲಿ ತತ್ವಪದ ಕೇಳಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಆದರೆ ಇಲ್ಲಿ ಅದನ್ನು ಒಂದು ಗೊಂಬೆಗೆ ಹೇಳಿದ್ದಾರೆ. ದೊಡ್ಡವರ ಸಾವಿಗೆ ಆಡುವ ಮಾತನ್ನು ಗೊಂಬೆಗೆ ಆಡಿದ್ದರಿಂದ ನಗು ಬರುತ್ತದೆ. ಆದರೆ ಅದೇ ಮನೆಗಳ ಪಕ್ಕದಲ್ಲಿ ನಿಜವಾಗಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಇದ್ದಾನೆ ಅಂತ ನೆನಪಾದಾಗ ಆ ನಗು ಅಲ್ಲೇ ನಿಲ್ಲುತ್ತದೆ.

ಕೊನೆಗೆ ಚಿಮಟಾ ಅಜ್ಜಿಯ ಕೈಗೆ ಬರುತ್ತದೆ. ಮೊದಲು ಅವಳು ಬೈಯುತ್ತಾಳೆ. ಇಡೀ ಜಾತ್ರೆಯಲ್ಲಿ ಇದೇ ಸಿಕ್ಕಿತಾ, ಮಧ್ಯಾಹ್ನ ಆದರೂ ಏನೂ ತಿಂದಿಲ್ಲ, ಕುಡಿದಿಲ್ಲ ಅಂತ. ಹುಡುಗ ತಪ್ಪು ಮಾಡಿದವನ ಹಾಗೆ ನಿಂತು ಬೆರಳು ಸುಡುವ ಮಾತು ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಅವ್ವಂದಿರ ಬೆರಳ ತುದಿ ನೋಡಿದ್ದೀರಲ್ಲ? ಆ ಗಟ್ಟಿಯಾದ ಚರ್ಮ ಗೊತ್ತಿರುವವರು ಈ ಪುಟದಲ್ಲಿ ಬೇರೆ ಥರ ನಿಲ್ಲುತ್ತಾರೆ. ಅದನ್ನು ಬರೆಯಲು ನಾಚಿಕೊಳ್ಳಬೇಡಿ.

ಕೊನೆಯಿಂದ ಮೊದಲಿಗೆ ಬನ್ನಿ

ಕೊನೆಯ ಪುಟದಲ್ಲಿ ಹಾಮಿದ್ ಮುದುಕನ ಪಾತ್ರ ಆಡಿದ, ಮುದುಕಿ ಅಮೀನಾ ಹುಡುಗಿ ಅಮೀನಾ ಆದಳು ಅಂತ ಬರುತ್ತದೆ. ನಮ್ಮ ಚೀಟಿಯಲ್ಲಿ ಅಳು ಬಂದ ಜಾಗ ಅಂತ ಬರೆದಿದ್ದು ಇದನ್ನೇ. ಈಗ ಮೊದಲ ಪುಟಗಳಿಗೆ ಹೋಗಿ. ಹೊರಡುವ ಮುಂಚೆ ಹಾಮಿದ್ ಅಜ್ಜಿಗೆ ಏನು ಹೇಳುತ್ತಾನೆ? ಹೆದರಬೇಡ, ನಾನು ಎಲ್ಲರಿಗಿಂತ ಮೊದಲು ಬರುತ್ತೇನೆ ಅಂತ. ನಾಲ್ಕು ವರ್ಷದ ಕೂಸು ಮುದುಕಿಗೆ ಧೈರ್ಯ ಹೇಳುತ್ತಿದೆ. ಮೊದಲ ಓದಿನಲ್ಲಿ ಮುದ್ದು ಮಾತು ಅಂತ ದಾಟಿ ಹೋಗಿದ್ದೆವು. ಅಲ್ಲೇ ಬೀಜ ಇತ್ತು. ಯಾವ ಒಳ್ಳೆಯ ಕಥೆಯಾದರೂ ಸರಿ, ಕೊನೆ ಓದಿದ ಕೂಡಲೇ ಮೊದಲ ಎರಡು ಪುಟ ಮತ್ತೆ ಓದಿ. ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಬರೆದ ವಿಮರ್ಶೆ ಅರ್ಧವೇ.

ಈಗ ಬರೆಯುವುದು

ಕಥೆಯ ಸಾರಾಂಶ ನಾಲ್ಕೇ ಸಾಲು. ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ನಿಮ್ಮ ಚೀಟಿಯ ಮಾತು: ನನಗೆ ಇಲ್ಲಿ ಹೀಗಾಯಿತು. ಅದಕ್ಕೆ ಕಾರಣವಾದ ಎರಡು ಮೂರು ಜಾಗ ಆರಿಸಿಕೊಂಡು ಒಂದೊಂದಕ್ಕೂ ಒಂದು ಪ್ಯಾರಾ. ಸಿಕ್ಕಿದ್ದೆಲ್ಲ ತುಂಬಬೇಡಿ. ಉಪಮೆ, ರೂಪಕ ಅನ್ನುವ ಹೆಸರು ವಾಕ್ಯದ ಮಧ್ಯೆ ಸಹಜವಾಗಿ ಬಂದರೆ ಬರಲಿ.

ಹಿಡಿಸದೇ ಇದ್ದದ್ದನ್ನೂ ಬರೆಯಿರಿ. ದೊಡ್ಡವರ ಕಥೆ ಅಂತ ಹೆದರಬೇಕಿಲ್ಲ. ನನಗೆ ಕೇಳಿದರೆ, ಕೊನೆಯಲ್ಲಿ ಈ ಮಗುವಿನ ತ್ಯಾಗ ಎಷ್ಟು, ವಿವೇಕ ಎಷ್ಟು ಅಂತ ಬಿಡಿಸಿ ಹೇಳುವ ಸಾಲುಗಳು ಬೇಕಿರಲಿಲ್ಲ. ಚಿಮಟಾ ಆಗಲೇ ಹೇಳಿಯಾಗಿತ್ತು. ಅಕ್ಕನ ಮಗಳು ಇದನ್ನು ಒಪ್ಪಲಿಲ್ಲ. ಆ ಸಾಲುಗಳು ಬಂದಾಗಲೇ ತನಗೆ ಅಳು ಬಂದಿದ್ದು ಅಂದಳು. ಹಾಗಾದರೆ ಅದನ್ನೇ ಬರೆ, ಯಾಕೆ ಅಂತ ಕಾರಣ ಕೊಡು ಅಂದೆ.

ಮೊದಲ ವಾಕ್ಯಕ್ಕೆ ಅವಳು ಬಹಳ ಹೊತ್ತು ತಿಣುಕಾಡಿದಳು. 'ಪ್ರೇಮಚಂದರು ಹಿಂದಿಯ ಶ್ರೇಷ್ಠ ಕಥೆಗಾರರು' ಅಂತ ಬರೆದು ಹೊಡೆದು ಹಾಕಿದಳು. ಆಮೇಲೆ ಅಂಕಿ ಬರೆದ ಹಾಳೆ ಎಳೆದುಕೊಂಡು ಕೂತಳು. ರಾತ್ರಿ ಊಟಕ್ಕೆ ಕರೆದಾಗ ತಂದು ತೋರಿಸಿದಳು. ಹೊಸ ಹಾಳೆಯ ಮೇಲೆ ಹೀಗಿತ್ತು: 'ಈದ್ ದಿನ ಬೆಳಿಗ್ಗೆ ಅಮೀನಾಳ ಹತ್ತಿರ ಇದ್ದದ್ದು ಎಂಟು ಪೈಸೆ. ಅದರಲ್ಲಿ ಮೂರು ಮೊಮ್ಮಗನಿಗೆ ಕೊಟ್ಟಳು. ಸಂಜೆಯೊಳಗೆ ಆ ಮೂರೂ ಅವಳ ಅಡುಗೆಮನೆಗೆ ವಾಪಸ್ ಬಂದವು.'